ಸ್ಕೋರ್ ಹಾಳೆಯಲ್ಲಿ ಕಾಲಂ ಇಲ್ಲದ್ದು

ಇಪ್ಪತ್ತೆರಡು ವರ್ಷ ಮೇಜಿನ ಹಿಂದೆ ಕೂತು
ಅಂಕ ಬರೆದವನು ನಾನು. ಆಡಿದವನಲ್ಲ. ಲೆಕ್ಕದ ಮೇಷ್ಟ್ರು.
ಬುಟ್ಟಿಗೆ ಬಿದ್ದದ್ದಕ್ಕೆ ಒಂದು ಗೀಟು, ಫೌಲಿಗೊಂದು ಗುರುತು.
ಬೀಳದೆ ಹೋದದ್ದು
ಕಾಗದದ ಪಾಲಿಗೆ ಆಗಿಯೇ ಇಲ್ಲ.

ಅರುಳಪ್ಪ ಸರ್ ಭದ್ರಾವತಿಯ ನಮ್ಮ ಕಾಲೇಜಿಗೆ ಬಂದ ವರ್ಷ
ಹುಡುಗಿಯರ ತಂಡ ಎಂದರೆ ಆರು ಜನ,
ಅದರಲ್ಲಿ ಒಬ್ಬಳ ಶೂ ಇನ್ನೊಬ್ಬಳದು.
ಶಿವಮೊಗ್ಗದಲ್ಲಿ ಮೊದಲ ಸುತ್ತು.
ಅರವತ್ತೊಂದು, ಒಂಬತ್ತು.
ಒಂಬತ್ತು ಬರೆಯುವುದೇನು ಕಷ್ಟ,
ಅರವತ್ತೊಂದಕ್ಕೆ ಪೆನ್ನಿನ ಶಾಯಿ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಉಸಿರಿಲ್ಲ.
ಇಳಿದ ಮೇಲೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ
ಸರ್ ಕೇಳಿದ್ದು ಒಂದೇ:
"ಆ ಒಂಬತ್ತು ಹೆಂಗೆ ಬಿದ್ವು, ಹೇಳ್ರಿ ನೋಡಾಣ."
ಒಬ್ಬರಿಗೂ ನೆನಪಿಲ್ಲ. ನನ್ನ ಹಾಳೆ ಬಿಚ್ಚಿಸಿದರು.
ನಾಲ್ಕು ಬುಟ್ಟಿ, ಒಂದು ಫ್ರೀ ಥ್ರೋ.
ಮಾರನೆಯ ದಿನದಿಂದ ನಸುಕಿನಲ್ಲಿ
ಆ ಐದನ್ನೇ ಆಡಿಸಿದರು, ತಿಂಗಳುಗಟ್ಟಲೆ.
ಸೋತದ್ದರ ಸುದ್ದಿಯೇ ಎತ್ತಲಿಲ್ಲ.

ಅವರೂ ಒಂದು ಕಾಲಕ್ಕೆ ಕಾರ್ಖಾನೆ ತಂಡದ ಗಾರ್ಡು,
ಆಟದವರ ಕೋಟಾದಲ್ಲಿ ಫಿಟ್ಟರ್.
ಮೊಣಕಾಲು ಹೋಯಿತು, ಆಮೇಲೆ ತಂಡ ಹೋಯಿತು,
ಪಾಳಿ ಹೋಯಿತು, ಕೊನೆಗೆ ಸೈರನ್ನೇ ಹೋಯಿತು.
ಕಾಲೇಜಿನಲ್ಲಿ ತಾಸಿನ ಲೆಕ್ಕದ ಸಂಬಳ;
ಹತ್ತು ತಿಂಗಳಿಗೆ ಆದೇಶ, ಎರಡು ತಿಂಗಳಿಗೆ ದೇವರು.
ಸೈರನ್ ನಿಂತ ಮೇಲೂ ಬೆಳಗಿನ ಆರಕ್ಕೆ
ಆಟ ನಿಲ್ಲಿಸಿ ಒಂದು ಗಳಿಗೆ ಕಿವಿ ಕೊಡುವರು.
ಹುಡುಗಿಯರು ಅದನ್ನು ಟೈಮ್ ಔಟ್ ಎಂದುಕೊಂಡು
ನೀರು ಕುಡಿಯಲು ಹೋಗುವರು.

ಹೊಳೆಹೊನ್ನೂರಿನ ನಾಗವೇಣಿ ಖೊಖೊದವಳು.
"ಕೂತಲ್ಲಿಂದ ಏಳೋದು ಗೊತ್ತಲ್ಲ, ರೀಬೌಂಡ್ ಅಂದ್ರೆ ಅಷ್ಟೇ."
ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸಿದರೂ ಮಾತು ನಿಲ್ಲಿಸದ ಶಮ್ಸಿಯಾ,
ಅವಳನ್ನು ಪಾಯಿಂಟ್ ಗಾರ್ಡ್ ಮಾಡಿ
ಆಟವನ್ನು ಆಮೇಲೆ ಕಲಿಸಿದರು.
ಪಂಕಜಾಕ್ಷಿಗೆ ಆರಡಿಗೆ ಎರಡೇ ಇಂಚು ಕಮ್ಮಿ.
ಆ ಎತ್ತರಕ್ಕೆ ನಾಚಿ ಬಗ್ಗಿ ನಡೆಯುವವಳು.
ಅವಳ ಕೈಗೆ ತಿಂಗಳೊಪ್ಪತ್ತು ಚೆಂಡೇ ಇಲ್ಲ.
ರಿಂಗಿನ ಕೆಳಗೆ ನೆಟ್ಟಗೆ ನಿಲ್ಲುವುದೇ
ಅವಳ ಪ್ರ್ಯಾಕ್ಟೀಸು.

ಐವತ್ತೆಂಟು, ಹದಿನಾಲ್ಕು.
ನಲವತ್ತೊಂಬತ್ತು, ಇಪ್ಪತ್ತೆರಡು.
ಮೂರನೆಯ ವರ್ಷ ಎದುರಾಳಿ ಬರಲೇ ಇಲ್ಲ, ಗೆದ್ದೆವು.
"ಬರೀಬೇಡಿ ಮೇಷ್ಟ್ರೇ" ಎಂದರು. ನಿಯಮ, ಬರೆದೆ:
ಇಪ್ಪತ್ತು, ಸೊನ್ನೆ.
ನನ್ನ ಪುಸ್ತಕದಲ್ಲಿ ನನಗೆ ನಾಚಿಕೆಯಾಗುವ ಪುಟ ಅದೊಂದೇ.

ನಾಲ್ಕನೆಯ ವರ್ಷ ಅದೇ ಶಿವಮೊಗ್ಗ, ಅದೇ ಎದುರಾಳಿ.
ನಲವತ್ತೊಂದಕ್ಕೆ ನಲವತ್ತು. ಆರು ಸೆಕೆಂಡು.
ಶಮ್ಸಿಯಾ ಕೂಗಿ ಕೊಟ್ಟ ಚೆಂಡು ಪಂಕಜಾಕ್ಷಿಯ ಕೈಯಲ್ಲಿ,
ಅವಳು ನೆಟ್ಟಗೆ ನಿಂತಳು, ಪೂರ್ತಿ, ಅಷ್ಟೆತ್ತರ,
ಚೆಂಡು ರಿಂಗಿನ ಮೇಲೆ ಎರಡು ಸುತ್ತು ತಿರುಗಿ
ಹೊರಗೆ ಬಿತ್ತು.
ಪೆನ್ನು ಎತ್ತಿದವನು ಎತ್ತಿಕೊಂಡೇ ಕೂತೆ.
ಸರ್ ಚಪ್ಪಾಳೆ ತಟ್ಟುತ್ತಿದ್ದರು, ಒಬ್ಬರೇ.

ಆಮೇಲೆ ಗೆದ್ದರು, ನಾಲ್ಕೈದು ಸಲ.
ಕಪ್ಪುಗಳು ಪ್ರಿನ್ಸಿಪಾಲರ ಬೀರುವಿನಲ್ಲಿವೆ,
ಬೇಕಾದವರು ಹೋಗಿ ನೋಡಬಹುದು.

ಈ ವರ್ಷ ಆದೇಶ ಬರಲಿಲ್ಲ.
ಅರುಳಪ್ಪ ಸರ್ ನಸುಕಿಗೇ ಬಂದು
"ಒಂಬತ್ತರ ಹಾಳೆ ಇದ್ರೆ ಕೊಡಿ, ಇಟ್ಕೋತೀನಿ" ಎಂದರು.
ಹುಡುಕಿದೆ. ಗೆದ್ದಲು ತಿಂದು
ಅರವತ್ತೊಂದು ಮಾತ್ರ ಉಳಿದಿತ್ತು.
ಬಿಡಿ ಎಂದು ಬೆರಳು ಮಡಚಿ ಅವರೇ ಎಣಿಸಿದರು:
ಎಡಗಡೆಯಿಂದ ಒಂದು, ರಿಂಗಿನ ಬುಡದಲ್ಲಿ ಎರಡು,
ದೂರದಿಂದ, ಅದೃಷ್ಟಕ್ಕೆ, ಇನ್ನೊಂದು.
ಫ್ರೀ ಥ್ರೋ ಹಾಕಿದವಳ ಹೆಸರು
ಇಬ್ಬರಿಗೂ ಹತ್ತಲಿಲ್ಲ.
"ಆ ಶೂ ಅವಳದ್ದಲ್ಲ" ಎಂದರು ಕೊನೆಗೆ.

ಆರು ಹೊಡೆಯಿತು. ಸುಮ್ಮನೆ ನಿಂತೆವು.
ಅಂಕಣದ ಆ ತುದಿಯಿಂದ ಹೊಸ ಹುಡುಗಿಯೊಬ್ಬಳು
ಚೆಂಡು ಕೆಳಗಿಟ್ಟು
ನೀರು ಕುಡಿಯಲು ಹೋದಳು.